ಜೇನುಪೆಟ್ಟಿಗೆಯ ಕಾಲಡಿಯ ನೀರು

ದೇವದಾಸ ಮಾಮನನ್ನು ನಾನು ಮೊದಲು ಕಂಡದ್ದು ಜಗಳಕ್ಕೆಂದು ಹೋದಾಗ. ೨೦೦೯ರ ನವೆಂಬರ್ ತಿಂಗಳು. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ, ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೆಯ ಸೊಸೈಟಿಯಲ್ಲಿ ನಮ್ಮದು ಮೊದಲ ಮಹಡಿ. ಅವರದು ನಮ್ಮ ನೇರ ಕೆಳಗಿನ ನೆಲಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ. ಮಗಳು ಪ್ರೇಕ್ಷಾಳಿಗೆ ಆಗ ನಲವತ್ತು ದಿನ. ಅವಳ ತೊಟ್ಟಿಲಿನ ಸೊಳ್ಳೆಪರದೆಯ ಮೇಲೆ ಎಳ್ಳಿಗಿಂತ ತುಸು ದೊಡ್ಡದಾದ ಒಂದು ಕಪ್ಪು ಹುಳ ಕೂತಿತ್ತು. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗಿನ ತೋಟದಲ್ಲಿ ಮರದ ಪೆಟ್ಟಿಗೆ, ಅದರ ಬಾಯಲ್ಲಿ ಜೇನುಹುಳಗಳ ಗುಂಪು. ಮಗುವನ್ನು ಎದೆಗೆ ಅವಚಿಕೊಂಡು ಇಳಿದು ಹೋಗಿ ಬಾಗಿಲು ಬಡಿದೆ.

ಬೈಗುಳವನ್ನು ಹಿಂದಿಯಲ್ಲೇ ಶುರು ಮಾಡಿದ್ದೆ. ಲುಂಗಿ, ಬನಿಯನ್ನಿನಲ್ಲಿ ನಿಂತಿದ್ದ ಮುದುಕರು ಅಡ್ಡ ಮಾತಾಡದೆ ಕೇಳಿದರು. ನಡುವೆ ಮಗು ಅತ್ತಿತು, ಅದನ್ನು ಸಮಾಧಾನ ಮಾಡುವಾಗ ನನ್ನ ಬಾಯಿಂದ ತುಳು ಬಂತು. ಅವರು ಕೂಡಲೇ ತುಳುವಿನಲ್ಲಿ, ನಿನ್ನ ಊರು ಯಾವುದು, ಯಾರ ಪೈಕಿ ಎಂದು ಕೇಳಿದರು. ಅಲ್ಲಿಗೆ ನನ್ನ ಜಗಳ ಮುಗಿಯಿತು. ಅಂದಿನಿಂದ ನಮ್ಮ ಮಾತೆಲ್ಲ ತುಳುವಿನಲ್ಲೇ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಒಂದು ಸ್ಟೀಲ್ ಲೋಟ, ಒಂದು ಹಳೆಯ ಮದುವೆ ಕಾಗದ ಹಿಡಿದು ಅವರು ಮೇಲೆ ಬಂದರು. ಹುಳದ ಮೇಲೆ ಲೋಟ ಬೋರಲು ಹಾಕಿ, ಕಾಗದವನ್ನು ಅಡಿಗೆ ತೂರಿಸಿ, ಹಾಗೆಯೇ ಎತ್ತಿಕೊಂಡರು.

"ಇದು ಮುಜಂಟಿ ಜೇನು. ಕಚ್ಚಲಿಕ್ಕೆ ಇದಕ್ಕೆ ಮುಳ್ಳೇ ಇಲ್ಲ ಮಾರಾಯ್ತಿ."

"ಕೆಳಗಿನ ಪೆಟ್ಟಿಗೆಯಲ್ಲಿ ಇರುವುದು?"

"ಅದು ತುಡುವೆ. ಅದಕ್ಕೆ ಮುಳ್ಳು ಉಂಟು. ಆದರೆ ಅದಕ್ಕೆ ನಿನ್ನ ಹತ್ತಿರ ಎಂತ ಕೆಲಸ?"

ನಾನು ಹುಟ್ಟಿ ಬೆಳೆದದ್ದು, ಕನ್ನಡ ಶಾಲೆಗೆ ಹೋದದ್ದು ಎಲ್ಲ ಮುಂಬಯಿಯಲ್ಲೇ. ಗಿಡ, ಹುಳ, ಹಾವು ಎಲ್ಲ ನನಗೆ ಪುಸ್ತಕದ ಚಿತ್ರಗಳು. ತಾಯಿ ನನ್ನ ಮದುವೆಯ ಮರುವರ್ಷ ತೀರಿಕೊಂಡಿದ್ದರು. ಗಂಡ ಲತೇಶ್ ವಾಶಿಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್; ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಮನೆ ಸೇರುವಾಗ ಮಗು ಒಂದು ನಿದ್ದೆ ಮುಗಿಸಿರುತ್ತಿತ್ತು. ದಿನವಿಡೀ ನಾನು, ಮಗು, ಗೋಡೆ. ಮಗು ಮಲಗಿದರೆ ಉಸಿರಾಡುತ್ತಿದೆಯೇ ಎಂದು ಮೂಗಿಗೆ ಬೆರಳು ಹಿಡಿಯುತ್ತಿದ್ದೆ. ಎಚ್ಚರವಿದ್ದರೆ ಯಾಕೆ ಮಲಗುತ್ತಿಲ್ಲ ಎಂದು ಚಿಂತೆ. ಪಕ್ಕದ ಮನೆಯವರು ಒಳ್ಳೆಯವರೇ, ಆದರೆ ಎಲ್ಲರೂ ಲೋಕಲ್ ರೈಲು ಹಿಡಿಯುವ ಅವಸರದವರು. ಹೀಗಾಗಿ ಸಂಜೆ ನಾಲ್ಕಾದರೆ ಮಗುವನ್ನು ಎತ್ತಿಕೊಂಡು ದೇವದಾಸ ಮಾಮನ ಹಿಂಬಾಗಿಲ ಮೆಟ್ಟಿಲಲ್ಲಿ ಹೋಗಿ ಕೂರುವುದು ರೂಢಿಯಾಯಿತು.

ಅವರ ತೋಟ ಎಂದರೆ ಕಟ್ಟಡಕ್ಕೂ ಕಾಂಪೌಂಡ್ ಗೋಡೆಗೂ ನಡುವಿನ ಆರು ಅಡಿ ಜಾಗ. ಒಂದು ನುಗ್ಗೆ, ಒಂದು ಕರಿಬೇವು, ಎಣ್ಣೆ ಡಬ್ಬಗಳಲ್ಲಿ ತುಳಸಿ, ದಾಸವಾಳ. ಮಧ್ಯದಲ್ಲಿ ಕಬ್ಬಿಣದ ನಾಲ್ಕು ಕಾಲಿನ ಸ್ಟ್ಯಾಂಡು, ಅದರ ಮೇಲೆ ತುಡುವೆಯ ಪೆಟ್ಟಿಗೆ. ಸ್ಟ್ಯಾಂಡಿನ ಒಂದೊಂದು ಕಾಲೂ ಒಂದೊಂದು ನೀರಿನ ಬಟ್ಟಲಲ್ಲಿ ನಿಂತಿರುತ್ತಿತ್ತು. ಮುಜಂಟಿಯ ಮಡಕೆ ಗೋಡೆಗೆ ತೂಗುಹಾಕಿತ್ತು. ಅದರ ತೂತಿನಿಂದ ಕಿರುಬೆರಳಿನಷ್ಟು ಉದ್ದದ ಅಂಟಿನ ನಳಿಗೆ ಹೊರಗೆ ಚಾಚಿಕೊಂಡಿತ್ತು. ಅದೇ ಅವುಗಳ ಬಾಗಿಲು.

ಅವರ ಬದುಕು ನನಗೆ ಗೊತ್ತಾದದ್ದು ಈ ಮೆಟ್ಟಿಲಲ್ಲಿ, ದಿನಕ್ಕೆ ಒಂದು ತುಂಡಿನಂತೆ. ಕಾರ್ಕಳದ ಕಡೆಯವರು. ಹದಿಮೂರನೆಯ ವಯಸ್ಸಿಗೆ ಸೋದರಮಾವನ ಜೊತೆ ಬಂದು ಠಾಣೆಯ ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯಲು ನಿಂತರು. ಎರಡು ಮೇಜು ಜೋಡಿಸಿ ಅದರ ಮೇಲೆ ಮಲಗಿ, ರಾತ್ರಿ ಶಾಲೆಯಲ್ಲಿ ಏಳನೆಯವರೆಗೆ ಓದಿದರು. ಮುಂದೆ ದೋಸೆಯ ಕಲ್ಲಿನ ಮುಂದೆ ಹತ್ತು ವರ್ಷ, ಗಲ್ಲಾಪೆಟ್ಟಿಗೆಯ ಮುಂದೆ ಇಪ್ಪತ್ತೆರಡು ವರ್ಷ. ಮೂವರು ತಂಗಿಯರ ಮದುವೆ, ಬಾಣಂತನ, ಮನೆ ಎಲ್ಲ ಇವರೇ. ನೀವು ಯಾಕೆ ಮದುವೆಯಾಗಲಿಲ್ಲ ಎಂದು ನಾನು ಒಮ್ಮೆ ಕೇಳಿಬಿಟ್ಟೆ.

"ಎಲ್ಲರದ್ದೂ ಮುಗಿಯುವಾಗ ನನಗೆ ನಲವತ್ತೆರಡು. ಮತ್ತೆ ನನಗೊಂದು ನೋಡಿ ಅಂತ ಯಾರ ಹತ್ತಿರ ಹೇಳುವುದು? ನಾಚಿಕೆ ಆಗ್ತದಲ್ಲ," ಎಂದರು.

ಮುಜಂಟಿ ಸಿಕ್ಕಿದ್ದು ಆ ಹೋಟೆಲಿನಲ್ಲೇ. ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯ ಬಿರುಕಿನಲ್ಲಿ ಅವು ಎಷ್ಟು ಕಾಲದಿಂದ ಇದ್ದವೋ, ಗಿರಾಕಿಗಳಲ್ಲಿ ಒಬ್ಬರೂ ಗಮನಿಸಿರಲಿಲ್ಲ. ಜನ ಕಡಿಮೆಯಿರುವ ಮಧ್ಯಾಹ್ನಗಳಲ್ಲಿ ಮಾಮ ಕುರ್ಚಿ ತಿರುಗಿಸಿ ಅವುಗಳ ಓಡಾಟ ನೋಡುತ್ತಿದ್ದರಂತೆ. ೨೦೦೪ರಲ್ಲಿ ಕಟ್ಟಡ ಕೆಡಹುವುದೆಂದಾಯಿತು. ಕೊನೆಯ ದಿನ ಮಿಕ್ಕವರು ಪಾತ್ರೆ, ಕುರ್ಚಿ ಸಾಗಿಸುತ್ತಿದ್ದರೆ ಇವರು ಉಳಿ ಹಿಡಿದು ಗೋಡೆ ಬಿಡಿಸಿ, ಆ ಗೂಡನ್ನು ಮೊಟ್ಟೆ ಮರಿ ಸಮೇತ ಮಣ್ಣಿನ ಮಡಕೆಗೆ ಇಳಿಸಿದರು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ತೊಡೆಯ ಮೇಲಿಟ್ಟುಕೊಂಡು ಲೋಕಲ್ಲಿನಲ್ಲಿ ಡೊಂಬಿವಲಿಗೆ ತಂದರು. ಅಸ್ಥಿ ಒಯ್ಯುತ್ತಿದ್ದಾರೆಂದು ಭಾವಿಸಿ ಜನ ಸರಿದು ಜಾಗ ಕೊಟ್ಟರಂತೆ. ಒಬ್ಬ ಹುಡುಗ, ಯಾರು ಹೋದದ್ದು ಅಂಕಲ್ ಎಂದೂ ಕೇಳಿದನಂತೆ. "ಮನೆಯವರೇ ಅಂದೆ. ಸುಳ್ಳು ಹೇಳಲಿಲ್ಲ," ಎಂದು ಮಾಮ ನಗುತ್ತಿದ್ದರು.

ತುಡುವೆಯ ಪೆಟ್ಟಿಗೆಯನ್ನು ಆಮೇಲೆ ಮುರಬಾಡ ಕಡೆಯ ಹಳ್ಳಿಯವನೊಬ್ಬನಿಂದ ತಂದದ್ದು. ಮುಜಂಟಿ ತನ್ನ ಪಾಡಿಗೆ ತಾನಿರುತ್ತದೆ, ತುಡುವೆಗೆ ಮನುಷ್ಯ ಬೇಕು ಎನ್ನುತ್ತಿದ್ದರು. ಅವರು ದಿನಕ್ಕೆ ಹತ್ತು ಸಲ ಎದ್ದು ಹೋಗಿ ನೋಡುತ್ತಿದ್ದುದು ತುಡುವೆಯನ್ನೇ. ಕಾರ್ಖಾನೆಗಳ ಕಡೆಯಿಂದ ಕೆಮಿಕಲ್ ವಾಸನೆ ಬರುವ ದಿನ ಹುಳಗಳು ತಡವಾಗಿ ಮರಳುತ್ತಿದ್ದವು, ಆ ದಿನ ಇವರ ಊಟವೂ ತಡ.

೨೦೧೦ರ ಜೂನ್ ಕೊನೆಯಲ್ಲಿ ಮಾಮನಿಗೆ ಹರ್ನಿಯಾ ಆಪರೇಶನ್ ನಿಗದಿಯಾಯಿತು. ಕರೆದೊಯ್ಯಲು ಬಂದವಳು ಅವರ ದೊಡ್ಡ ತಂಗಿಯ ಮಗಳು ಹರಿಣಾಕ್ಷಿ. ಠಾಣೆಯ ವರ್ತಕ ನಗರದಲ್ಲಿ ಆರನೆಯ ಮಹಡಿಯಲ್ಲಿ ಮನೆ. ಮಾವನನ್ನು ತನ್ನಲ್ಲೇ ಇಟ್ಟುಕೊಳ್ಳುವ ಆಸೆ ಅವಳಿಗೆ ವರ್ಷಗಳಿಂದ ಇತ್ತು, ಅದರಲ್ಲಿ ಕಪಟವೇನೂ ಇರಲಿಲ್ಲ. ಆಪರೇಶನ್ ಆದ ಮೇಲೆ ಭಾರ ಎತ್ತಬಾರದು, ಈ ಪೆಟ್ಟಿಗೆಗಳನ್ನು ಯಾರು ನೋಡುವುದು, ಒಬ್ಬರೇ ಇದ್ದು ರಾತ್ರಿ ಏನಾದರೂ ಆದರೆ ಯಾರಿಗೆ ಗೊತ್ತಾಗುವುದು ಎಂದು ಅವಳು ನನ್ನೆದುರೇ ಹೇಳುತ್ತಾ ಹೋದಳು. ಮಾಮ ಚೀಲದ ಜಿಪ್ ಎಳೆಯುತ್ತಾ ಎಲ್ಲ ಕೇಳಿಸಿಕೊಂಡರು.

"ಒಂದು ಮಾತು ಹೇಳ್ತೇನೆ ಹರಿಣಾ. ಇಪ್ಪತ್ತು ದಿನ ನಾನು ಇಲ್ಲಿರುವುದಿಲ್ಲ. ಈ ಪ್ರಣೀತಾ ನೋಡಿಕೊಳ್ತಾಳೆ. ತುಡುವೆ ಉಳಿದರೆ ನಾನು ಇಲ್ಲಿಯೇ ಇರ್ತೇನೆ, ನನಗೆ ಎತ್ತಿ ಕೊಡ್ಲಿಕ್ಕೆ ಜನ ಉಂಟು ಅಂತ ಆಯ್ತಲ್ಲ. ಉಳಿಯದಿದ್ದರೆ ನೀನು ಹೇಳಿದ ಹಾಗೆ."

"ಮಾತು ಅಂದ್ರೆ ಮಾತು ಮಾವ," ಎಂದಳು ಹರಿಣಾಕ್ಷಿ.

ಅವರಿಬ್ಬರೂ ನನ್ನ ಕಡೆ ನೋಡಿದರು. ಒಂಬತ್ತು ತಿಂಗಳ ಮಗುವನ್ನು ಸಂಭಾಳಿಸಲಾಗದೆ ಅಳುವವಳು ನಾನು, ಹೂಂ ಎಂದುಬಿಟ್ಟೆ. ಬೇಡ ಎಂದರೆ ನಾಳೆಯಿಂದ ಸಂಜೆ ನಾಲ್ಕಕ್ಕೆ ನಾನು ಎಲ್ಲಿಗೆ ಹೋಗಲಿ ಎಂಬುದೇ ಆಗ ತಲೆಯಲ್ಲಿದ್ದದ್ದು.

ಮಾಮ ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಬರೆದು ಗೋಡೆಗೆ ಅಂಟಿಸಿದರು. ಮೇಲೆ ತಮ್ಮ ಮೊಬೈಲ್ ನಂಬರು, ದೊಡ್ಡ ಅಂಕೆಗಳಲ್ಲಿ. ಮಳೆಗಾಲದಲ್ಲಿ ಹೂವಿರುವುದಿಲ್ಲ, ಆದ್ದರಿಂದ ಮೂರು ದಿನಕ್ಕೊಮ್ಮೆ ಸಕ್ಕರೆ ನೀರು ಕುದಿಸಿ ಆರಿಸಿ, ಸೂರ್ಯ ಮುಳುಗುವ ಹೊತ್ತಿಗೆ ಪೆಟ್ಟಿಗೆಯೊಳಗಿನ ತೆಂಗಿನ ಚಿಪ್ಪಿಗೆ ಹಾಕುವುದು. ಹುಳ ಮುಳುಗದಂತೆ ಚಿಪ್ಪಿನಲ್ಲಿ ಕಡ್ಡಿ ಇಡುವುದು. ಮುಚ್ಚಳದ ಮೇಲೆ ಕಲ್ಲು. ಬಟ್ಟಲುಗಳಲ್ಲಿ ನೀರಿರಬೇಕು. ಮುಜಂಟಿಗೆ ಏನೂ ಇಲ್ಲ.

ಮೊದಲ ಸಲ ಮುಚ್ಚಳ ಎತ್ತಿದಾಗ ಲತೇಶರ ಹೆಲ್ಮೆಟ್, ರೇನ್‌ಕೋಟ್ ಹಾಕಿಕೊಂಡಿದ್ದೆ. ಎರಡನೆಯ ಸಲ ದುಪ್ಪಟ್ಟಾ ಮಾತ್ರ. ನಾಲ್ಕನೆಯ ಸಲಕ್ಕೆ ಬರಿಗೈ, ಬರಿಮುಖ. ಒಂದು ಹುಳ ಮಣಿಕಟ್ಟಿನ ಮೇಲೆ ನಡೆದು ಹೋಯಿತು, ಕಚ್ಚಲಿಲ್ಲ. ಆ ರಾತ್ರಿ ಲತೇಶ್ ಊಟ ಮುಗಿಸುವ ತನಕವೂ ಅದನ್ನೇ ಹೇಳಿದೆ. ಪ್ರತಿದಿನ ಮಾಮನಿಗೆ ಫೋನ್ ಮಾಡುತ್ತಿದ್ದೆ. ಎಷ್ಟು ಹುಳ ಹೊರಗೆ ಹೋದವು, ಎಷ್ಟು ಹೊತ್ತಿಗೆ ಬಂದವು ಎಂದು ಅವರು ವರದಿ ಕೇಳುತ್ತಿದ್ದರು. ಆಪರೇಶನ್ ಚೆನ್ನಾಗಿ ಆಗಿತ್ತು. ಇನ್ನು ಐದೇ ದಿನ ಎಂದು ಲೆಕ್ಕ ಹಾಕುತ್ತಿದ್ದೆವು.

ಆ ಮಳೆಗಾಲದಲ್ಲಿ ಮಲೇರಿಯಾ ಜೋರಾಗಿತ್ತು. ಹದಿನೈದನೆಯ ದಿನ ಬೆಳಿಗ್ಗೆ ಪಾಲಿಕೆಯಿಂದ ಒಬ್ಬ ಹೆಂಗಸು ಮನೆಮನೆಗೆ ಬಂದು, ಕುಂಡಗಳ ತಟ್ಟೆ, ಕೂಲರ್, ಹಳೆಯ ಟಯರ್ ಎಲ್ಲೂ ನೀರು ನಿಲ್ಲಲು ಬಿಡಬೇಡಿ, ಚಿಕ್ಕ ಮಕ್ಕಳಿರುವ ಮನೆಯವರು ಹುಷಾರು ಎಂದು ಮರಾಠಿಯಲ್ಲಿ ಹೇಳಿ ಹೋದಳು. ಅವಳು ಮೆಟ್ಟಿಲಿಳಿಯುವ ಮೊದಲೇ ನನಗೆ ಬಟ್ಟಲುಗಳ ನೆನಪಾಯಿತು. ಕೆಳಗೆ ಹೋಗಿ ಬಗ್ಗಿ ನೋಡಿದೆ. ನಾಲ್ಕು ಬಟ್ಟಲಲ್ಲೂ ಸೊಳ್ಳೆಯ ಮರಿಗಳು ಕೊಂಕಿ ಕೊಂಕಿ ಈಜುತ್ತಿದ್ದವು. ನನ್ನ ಮಗಳ ಕಿಟಕಿಯ ನೇರ ಕೆಳಗೆ, ಹದಿನೈದು ದಿನ ನಾನೇ ನೀರು ತುಂಬಿ ಸಾಕಿದ ಸೊಳ್ಳೆಗಳು.

ಒಂದೊಂದೇ ಕಾಲು ತುಸು ಎತ್ತಿ ನಾಲ್ಕೂ ಬಟ್ಟಲು ಹೊರಗೆಳೆದೆ. ನೀರು ಚೆಲ್ಲಿ, ಒರೆಸಿ, ಕವಚಿ ಇಟ್ಟೆ. ಕಾಲುಗಳ ಸುತ್ತ ಬ್ಲೀಚಿಂಗ್ ಪೌಡರ್ ಉದುರಿಸಿದೆ. ಬಟ್ಟಲುಗಳು ಹುಳಕ್ಕೆ ಕುಡಿಯುವ ನೀರಿಗೆಂದೇ ನಾನು ಅಂದುಕೊಂಡಿದ್ದೆ. ಮಳೆಯಲ್ಲಿ ಅವಕ್ಕೆ ನೀರಿನ ಬರವೇ? ಕಾಲುಗಳನ್ನು ನೀರಲ್ಲಿ ಏಕೆ ನಿಲ್ಲಿಸಿದ್ದಾರೆಂದು ಎಂಟು ತಿಂಗಳು ಆ ಮೆಟ್ಟಿಲಲ್ಲಿ ಕೂತವಳಿಗೆ ಒಮ್ಮೆಯೂ ಕೇಳಬೇಕೆನಿಸಿರಲಿಲ್ಲ. ಅಂದು ಸಂಜೆಯ ಫೋನಿನಲ್ಲಿ ಹೇಳಲು ಮರೆತೆ. ಮರುದಿನ ಪ್ರೇಕ್ಷಾಳಿಗೆ ಕೆಮ್ಮು ಶುರುವಾಯಿತು. ಎರಡು ದಿನ ಡಾಕ್ಟರು, ಹಬೆ, ಥರ್ಮಾಮೀಟರು. ಕೆಳಗೆ ಹೋಗಲಿಲ್ಲ. ಹುಳ ಚೆನ್ನಾಗಿವೆ ಎಂದು ನೋಡದೆಯೇ ವರದಿ ಕೊಟ್ಟೆ.

ಹದಿನೆಂಟನೆಯ ದಿನ ಮಳೆ ಬಿಡುವು ಕೊಟ್ಟಿತ್ತು. ಹತ್ತು ಗಂಟೆಗೆ ವಾಚ್‌ಮನ್ ಚಂದ್ರಾಮ ಮೇಲೆ ಬಂದು ಬೆಲ್ ಒತ್ತಿದ. ಕಲಬುರಗಿ ಕಡೆಯವನು, ಮೊದಲು ಕಟ್ಟಡದ ಕೆಲಸಕ್ಕಿದ್ದು ಬೆನ್ನು ಹಿಡಿದುಕೊಂಡ ಮೇಲೆ ಗೇಟಿಗೆ ಬಂದವನು.

"ಅಕ್ಕಾರ, ಅಜ್ಜನ ಹುಳ ಪೆಟಗಿ ಬಿಟ್ಟು ನುಗ್ಗಿ ಗಿಡಕ್ಕ ಕುಂತಾವ ನೋಡ್ರಿ. ಪೆಟಗ್ಯಾಗ ಬರೇ ಇರಬಿ."

ಇಳಿದು ನೋಡಿದೆ. ಸ್ಟ್ಯಾಂಡಿನ ನಾಲ್ಕು ಕಾಲಲ್ಲೂ ಇರುವೆಗಳ ಸಾಲು, ಕೆಳಗಿಳಿಯುವ ಒಂದೊಂದು ಇರುವೆಯ ಬಾಯಲ್ಲೂ ಬಿಳಿಯ ಮರಿಯ ತುಂಡು. ಬ್ಲೀಚಿಂಗ್ ಪೌಡರನ್ನು ಮಳೆ ತೊಳೆದುಕೊಂಡು ಹೋಗಿತ್ತು. ನುಗ್ಗೆಯ ಬಾಗಿದ ಕೊಂಬೆಯೊಂದರ ತುದಿಯಲ್ಲಿ ಹುಳಗಳು ಒಂದನ್ನೊಂದು ಹಿಡಿದುಕೊಂಡು ಪಪ್ಪಾಯಿಯಷ್ಟು ದೊಡ್ಡ ಗೊಂಚಲಾಗಿ ತೂಗುತ್ತಿದ್ದವು. ಬಟ್ಟಲಿನ ನೀರು ಯಾತಕ್ಕೆಂದು ಆಗ ಅರ್ಥವಾಯಿತು.

ಚಂದ್ರಾಮನಿಗೆ ಇಂಥದ್ದು ಗೊತ್ತಿತ್ತು. "ಇವು ಇಲ್ಲೇ ಕುಂದ್ರೂದಿಲ್ರಿ. ಜಾಗಾ ಸಿಕ್ಕ ಕೂಡ್ಲೇ ಏಳ್ತಾವ. ಈಗ ಅಜ್ಜಾಗ ಫೋನ್ ಹಚ್ರಿ. ಹೆಂಗ ಹಿಡೀಬೇಕಂತ ಹೇಳಿದ್ರ ನಾ ಹಿಡೀತೀನಿ."

ಹಚ್ಚುತ್ತೇನೆ ಎಂದೆ. ಮೇಲೆ ಬಂದು ಫೋನ್ ಕೈಗೆ ತೆಗೆದುಕೊಂಡೆ. ಹೊಲಿಗೆ ಇನ್ನೂ ಹಸಿ, ಕೇಳಿದರೆ ಓಡಿ ಬಂದಾರು ಎಂದು ನನಗೆ ನಾನೇ ಹೇಳಿಕೊಂಡೆ. ಹರಿಣಾಕ್ಷಿ ಫೋನ್ ಎತ್ತಿದರೆ ಎಂದೂ ಹೇಳಿಕೊಂಡೆ. ಅವು ನೆಪಗಳು. ನೀರು ಚೆಲ್ಲಿದವಳು ನಾನು ಎಂದು ಹೇಳಬೇಕಾಗುತ್ತದಲ್ಲ, ಅದು ನನ್ನಿಂದಾಗಲಿಲ್ಲ. ಲತೇಶರಿಗೆ ಮಾಡಿದೆ. ಹೋಟೆಲಿನಲ್ಲಿ ಪಾರ್ಟಿ ಇದೆ, ಸಂಜೆ ನೋಡೋಣ ಎಂದರು. ಹನ್ನೊಂದಾಯಿತು, ಹನ್ನೆರಡಾಯಿತು. ಚಂದ್ರಾಮ ಗೇಟಿನಿಂದಲೇ ಕತ್ತೆತ್ತಿ ಕಿಟಕಿಯ ಕಡೆ ಎರಡು ಸಲ ನೋಡಿದ. ನಾನು ಒಳಗೆ ಸರಿದೆ. ಮೂರು ಗಂಟೆಗೆ ಮೋಡದ ನಡುವೆ ಬಿಸಿಲು ಬಿತ್ತು. ಗೊಂಚಲು ತುದಿಯಿಂದ ಸಡಿಲವಾಯಿತು. ಹುಳಗಳು ತೋಟದ ಮೇಲೆ ಕಂದು ಹೊಗೆಯಂತೆ ಒಂದು ಸುತ್ತು ತಿರುಗಿ, ನನ್ನ ಕಿಟಕಿಯ ಮುಂದೆಯೇ ಮೇಲಕ್ಕೆದ್ದು, ರೈಲು ಹಳಿಯ ಕಡೆಗೆ ಹೋದವು.

ಸಂಜೆಯ ಫೋನಿನಲ್ಲಿ ನಾನು ಮಗುವಿನ ಕೆಮ್ಮಿನ ಬಗ್ಗೆ ಮಾತ್ರ ಮಾತಾಡಿದೆ.

ಇಪ್ಪತ್ತನೆಯ ದಿನ ರಿಕ್ಷಾದಿಂದ ಮಾಮ ಹರಿಣಾಕ್ಷಿಯ ತೋಳು ಹಿಡಿದು ಇಳಿದರು. ಸೀದಾ ತೋಟಕ್ಕೆ ಹೋದರು. ನಾನು ಮಗುವನ್ನು ಸೊಂಟದಲ್ಲಿಟ್ಟುಕೊಂಡು ಮೆಟ್ಟಿಲಲ್ಲಿ ನಿಂತಿದ್ದೆ. ಅವರು ಪೆಟ್ಟಿಗೆಯ ಬಾಯಿ ನೋಡಿದರು. ಮುಚ್ಚಳ ಎತ್ತಲು ಕೈ ಚಾಚಿದವರು ಬಗ್ಗಿ ಕಾಲುಗಳನ್ನು ನೋಡಿದರು. ಕವಚಿಟ್ಟ ಬಟ್ಟಲುಗಳು ಗೋಡೆಯ ಬುಡದಲ್ಲಿ ಹಾಗೆಯೇ ಇದ್ದವು.

ನಾನು ಎಲ್ಲ ಹೇಳಿದೆ. ಪಾಲಿಕೆಯ ಹೆಂಗಸು, ಸೊಳ್ಳೆ ಮರಿ, ಬ್ಲೀಚಿಂಗ್ ಪೌಡರ್. ಹತ್ತರಿಂದ ಮೂರರವರೆಗೆ ನುಗ್ಗೆಯಲ್ಲಿ ಅವು ತೂಗಿದ್ದನ್ನೂ ಹೇಳಿದೆ. ಹರಿಣಾಕ್ಷಿ ಏನೋ ಹೇಳಹೊರಟಳು, ಮಾಮ ಕೈಯೆತ್ತಿ ತಡೆದರು.

"ಸೊಳ್ಳೆಗೆ ನೀರಿನ ಮೇಲೆ ಎರಡು ಹನಿ ಎಣ್ಣೆ ಬಿಡುವುದು. ಆದಿತ್ಯವಾರ ಆದಿತ್ಯವಾರ ನಾನೇ ಬಿಡ್ತಿದ್ದೆ. ಬರೆಯಲಿಕ್ಕೆ ಮರೆತೆ. ಅದು ನನ್ನ ತಪ್ಪು," ಎಂದರು. ಆಮೇಲೆ, "ಯಾವ ಕೊಂಬೆ?" ಎಂದು ಕೇಳಿದರು.

ತೋರಿಸಿದೆ. ಅದರ ಕೆಳಗೆ ಹೋಗಿ ಎಷ್ಟೋ ಹೊತ್ತು ಮೇಲೆ ನೋಡುತ್ತಾ ನಿಂತರು.

"ಕೈಗೆಟಕುವ ಎತ್ತರ. ಒಂದು ಫೋನ್ ಮಾಡಬಹುದಿತ್ತು ಮಗಾ."

ಅಷ್ಟೇ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಅವರು ಒಳಗೆ ಹೋಗಿ ಒಂದು ಕುರ್ಚಿಯಲ್ಲಿ ಕೂತು, ಯಾವಾಗ ಹೊರಡುವುದು ಎಂದು ಹರಿಣಾಕ್ಷಿಯನ್ನು ಕೇಳಿದರು. ಅವಳಿಗೇ ಕಸಿವಿಸಿಯಾಯಿತು. ಅವಸರವಿಲ್ಲ ಮಾವ, ಇನ್ನೊಂದು ಪೆಟ್ಟಿಗೆ ತಂದರಾಯಿತು ಎಂದಳು. "ಮಾತು ಅಂದ್ರೆ ಮಾತು ಅಂದದ್ದು ನೀನೇ," ಎಂದರು ಮಾಮ.

ಗಣೇಶ ಚೌತಿಗೆ ಮುಂಚೆ ಅವರು ಹೋದರು. ಹಿಂದಿನ ಸಂಜೆ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಮುಜಂಟಿಯ ನಳಿಗೆಗೆ ಬಟ್ಟೆ ಕಟ್ಟಿದ್ದರು. ಖಾಲಿ ಪೆಟ್ಟಿಗೆಯನ್ನು ಚಂದ್ರಾಮನಿಗೆ ಕೊಟ್ಟರು, ಮನೆಯ ಕೀಲಿಯನ್ನು ಸೊಸೈಟಿಯ ಸೆಕ್ರೆಟರಿಗೆ. ಪ್ರೇಕ್ಷಾಳ ಕೆನ್ನೆ ಮುಟ್ಟಿದರು. ನನಗೆ, ಮಗುವನ್ನು ನೋಡಿಕೋ ಎಂದರು. ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ಎಂದು ನಾನು ಇವತ್ತಿಗೂ ಅಳೆಯುತ್ತೇನೆ. ಅವರು ಚುಚ್ಚುವವರಲ್ಲ ಎಂಬುದು ಗೊತ್ತಿದ್ದೂ ಅಳೆಯುತ್ತೇನೆ.

ಆಮೇಲಿನ ಸಂಜೆಗಳು ಉದ್ದವಾಗಿದ್ದವು. ಮಗಳು ನಡೆಯಲು ಕಲಿತಳು, ಮೆಟ್ಟಿಲಿನ ಕಡೆಗೇ ಓಡುತ್ತಿದ್ದಳು. ಕೆಳಗಿನ ಮನೆ ಮಾರಿಹೋಗಿ, ಬಂದವರು ಆ ಆರು ಅಡಿಗೆ ಟೈಲ್ಸ್ ಹಾಕಿ ಸ್ಕೂಟರ್ ನಿಲ್ಲಿಸಿದರು. ನಾನು ಮಾಮನಿಗೆ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದೆ. ಹಾಂ, ಚೆನ್ನಾಗಿದ್ದೇನೆ, ಮಗು ಹೇಗಿದೆ, ಮಳೆ ಉಂಟಾ ಎನ್ನುತ್ತಿದ್ದರು. ಅಷ್ಟಾದ ಮೇಲೆ ಫೋನು ಹರಿಣಾಕ್ಷಿಯ ಕೈಗೆ ಹೋಗುತ್ತಿತ್ತು.

ಹೋಗಿ ನೋಡುವ ಧೈರ್ಯ ಬಂದದ್ದು ೨೦೧೨ರ ಫೆಬ್ರವರಿಯಲ್ಲಿ. ಪ್ರೇಕ್ಷಾಳ ಕೈ ಹಿಡಿದು ಠಾಣೆಗೆ ಲೋಕಲ್, ಅಲ್ಲಿಂದ ಬಸ್ಸು. ಹರಿಣಾಕ್ಷಿಯ ಮನೆ ತುಂಬಿದ ಮನೆ. ಟಿ.ವಿ. ನಡೆಯುತ್ತಿತ್ತು, ಅವಳ ಮಕ್ಕಳು ಹಿಂದಿ, ಮರಾಠಿ ಬೆರೆಸಿ ಜಗಳವಾಡುತ್ತಿದ್ದರು. ಮಾಮ ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ಬಹಳ ಇಳಿದುಹೋಗಿದ್ದರು. ಮುಜಂಟಿಯ ಮಡಕೆ ಅವರ ತಲೆಯ ಮೇಲೆ, ಗ್ರಿಲ್ಲಿಗೆ ಕಟ್ಟಿತ್ತು.

ಇಲ್ಲಿ ಹೇಗಿದೆ ಮಾಮ ಎಂದೆ.

"ಎಲ್ಲ ಉಂಟು. ಹೊತ್ತಿಗೆ ಊಟ ಉಂಟು. ಮಕ್ಕಳು ಒಳ್ಳೆಯವರು. ನಾನು ಎಂತಾದರೂ ಹೇಳಿದರೆ ನಗ್ತಾರೆ, ಅರ್ಥ ಆಗುವುದಿಲ್ಲ ಅವರಿಗೆ," ಎಂದರು. ಆಮೇಲೆ ಗ್ರಿಲ್ಲಿನ ಆಚೆ ಬೆರಳು ತೋರಿಸಿದರು. ಆರು ಮಹಡಿ ಕೆಳಗೆ ಕಾಲೊನಿಯ ಮರಗಳು. "ಇವಕ್ಕೆ ಹೂವಿಗೆ ಅಲ್ಲಿಗೆ ಇಳಿಯಬೇಕು. ಇಳಿಯುವುದು ಸುಲಭ. ಹತ್ತುವಾಗ ಸುಸ್ತಾಗ್ತದೆ. ಮೂರನೆಯ ಮಹಡಿಯವರ ಬಟ್ಟೆ ಹಗ್ಗದಲ್ಲಿ ಒಮ್ಮೆ ಕೂರ್ತವೆ, ಐದನೆಯವರ ಕಿಟಕಿಯಲ್ಲಿ ಒಮ್ಮೆ. ಆಮೇಲೆ ಬರ್ತವೆ."

ನಾನು ಬಗ್ಗಿ ನೋಡಿದೆ. ಒಂದು ಕೈಯಲ್ಲಿ ಮಗಳ ಫ್ರಾಕನ್ನು ಗಟ್ಟಿಯಾಗಿ ಹಿಡಿದಿದ್ದೆ. ನನಗೇನೂ ಕಾಣಲಿಲ್ಲ.

"ಅವಸರ ಮಾಡಬೇಡ," ಎಂದರು ಮಾಮ. ಒಳಗಿನಿಂದ ಇನ್ನೊಂದು ಕುರ್ಚಿ ತರಲು ಹೇಳಿದರು. "ಕೂತ್ಕೋ. ಈಗ ಒಂದು ಬರ್ತದೆ."

ಕುರ್ಚಿ ತಂದು ಅವರ ಪಕ್ಕದಲ್ಲಿ ಹಾಕಿ ಕೂತೆ.